ಲಾ ಫರ್ಮ್ ಅಸೆಸ್‌ಮೆಂಟ್ ಡೇ: ಚನ್ನಪಟ್ಟಣದ ಬೊಂಬೆ ಇಟ್ಕೊಂಡೇ ತಯಾರಿ ಮಾಡ್ಕೊಳ್ಳಿ

ಇವತ್ತಿನ ಎಪಿಸೋಡ್ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಲಾ ಓದ್ತಾ ಇರೋರಿಗೆ. ದೊಡ್ಡ ಲಾ ಫರ್ಮ್ ಅಂದ್ರೆ ಪಟಪಟ ಇಂಗ್ಲಿಷ್ ಬರೋರಿಗೆ ಮಾತ್ರ ಅಂದ್ಕೊಂಡು ಅರ್ಜಿಯನ್ನೇ ಹಾಕದವರು ನಮ್ಮಲ್ಲಿ ಇದ್ದಾರೆ. ನಾನು ಬಿ.ಕಾಂ. ಮಾಡಿದವನು, ವಕೀಲ ಅಲ್ಲ. ಆದ್ರೆ ಆ ದಿನ ಅವರು ಕಾನೂನಿನಷ್ಟೇ ವ್ಯವಹಾರದ ತಿಳಿವಳಿಕೆಯನ್ನೂ ನೋಡ್ತಾರೆ. ಅದು ನಮ್ಮೂರಲ್ಲೇ ಸಿಗುತ್ತೆ.

ಮೊದಲು, ಅಸೆಸ್‌ಮೆಂಟ್ ಡೇ ಅಂದ್ರೇನು? ಇಂಗ್ಲೆಂಡ್‌ನಲ್ಲಿ ಸಾಲಿಸಿಟರ್ ಆಗೋಕೆ ಮುಂಚೆ ಸಾಮಾನ್ಯವಾಗಿ ಎರಡು ವರ್ಷ ಫರ್ಮ್‌ನಲ್ಲಿ ಟ್ರೈನಿ ಆಗಿರಬೇಕು. ಆ ಟ್ರೈನಿಗಳನ್ನು ಆರಿಸೋಕೆ ಒಂದು ಇಡೀ ದಿನ ಕರೆದು ಪರೀಕ್ಷೆ ಮಾಡ್ತಾರೆ. ಲಂಡನ್ನಿನ ಕೆಲವು ಫರ್ಮ್‌ಗಳು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಿಂದಲೂ ಟ್ರೈನಿಗಳನ್ನು ತಗೊಂಡಿವೆ. ನಮ್ಮಲ್ಲಿ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ, ಇಷ್ಟೇ. ಟ್ರೈನಿ ಅನ್ನೋ ಕಡ್ಡಾಯ ಹಂತ ಇಲ್ಲ. ಫರ್ಮ್‌ಗಳು ಇಂಟರ್ನ್‌ಶಿಪ್, ಸಂದರ್ಶನದಲ್ಲೇ ಅಳೀತಾರೆ. ಆದ್ರೆ ಅಳೆಯೋ ವಿಷಯ ಹೆಚ್ಚುಕಡಿಮೆ ಒಂದೇ: ಒಂದು ಬರವಣಿಗೆ, ಒಂದು ಗುಂಪು ಚರ್ಚೆ, ಒಂದು ಕೇಸ್ ಇಟ್ಕೊಂಡು ಪ್ರಶ್ನೆ.

ಬನ್ನಿ, ಒಂದು ಕೇಸ್ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಕಂಪನಿಯೊಂದು ಬೇರೆ ಊರಿನ ಫ್ಯಾಕ್ಟರಿಯಲ್ಲಿ ಮರದ ಆಟಿಕೆ ಮಾಡಿಸಿ, ‘ಚನ್ನಪಟ್ಟಣ’ ಅಂತ ಹೆಸರಿಟ್ಟು ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದೆ. ನೀವೇನು ಸಲಹೆ ಕೊಡ್ತೀರಾ?

ಒಂದು, ಹೆಸರು. 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ನಮ್ಮ ಬೊಂಬೆಗಳಿಗೆ ಜಿಐ ಟ್ಯಾಗ್ ಇದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ತಯಾರಕರಿಗೆ ಆ ಹೆಸರು ಬಳಸೋ ಹಕ್ಕು. ಬೇರೆ ಊರಿನ ಮಾಲಿಗೆ ಈ ಹೆಸರು ಅಂಟಿಸಿದ್ರೆ ತೊಂದರೆ.

ಎರಡು, ಸುರಕ್ಷತೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ, ಜಿಐ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಈ ಕಂಪನಿಯ ಫ್ಯಾಕ್ಟರಿಗೆ ಅದು ಸಿಗಲ್ಲ.

ಮೂರು, ದುಡ್ಡು. ಕಂಪನಿ ನಮ್ಮೂರಿನ ಸಣ್ಣ ಘಟಕದಿಂದಲೇ ಮಾಲು ಕೊಂಡ್ರೆ? ಆ ಘಟಕಕ್ಕೆ ಉದ್ಯಮ್ ನೋಂದಣಿ ಇದ್ರೆ, ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದ್ರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ.

ಈಗ ಮುಖ್ಯ ವಿಷಯ. ಈ ಮೂರನ್ನೂ ಪಟ್ಟಿ ಮಾಡಿ ‘ಆಗಲ್ಲ’ ಅಂದ್ರೆ ಅರ್ಧ ಕೆಲಸ. ಕಕ್ಷಿದಾರರಿಗೆ ದಾರಿ ಬೇಕು: ‘ಅಧಿಕೃತ ತಯಾರಕರಿಂದ ಕೊಂಡು, ಅವರ ಹೆಸರಲ್ಲೇ ಮಾರಿ, ಹಣ ಕೊಡೋ ದಿನಾಂಕ ಒಪ್ಪಂದದಲ್ಲಿ ಬರೀರಿ.’ ಉತ್ತರದ ಮೊದಲ ಸಾಲೇ ಇದು. ಕಾರಣ ಆಮೇಲೆ.

ಬರವಣಿಗೆಗೆ 45 ನಿಮಿಷ ಕೊಟ್ಟಿದ್ದಾರೆ ಅಂದ್ಕೊಳ್ಳಿ. 10 ನಿಮಿಷ ಓದಿ, 5 ನಿಮಿಷ ಪಾಯಿಂಟ್ ಹಾಕಿ, 25 ನಿಮಿಷ ಬರೀರಿ, 5 ನಿಮಿಷ ತಿದ್ದಿ. ಗುಂಪು ಚರ್ಚೆಯಲ್ಲಿ ಜೋರಾಗಿ ಮಾತಾಡೋದು ಬೇಡ. ಸುಮ್ಮನೆ ಕೂತವರನ್ನು ‘ನೀವೇನಂತೀರಾ?’ ಅಂತ ಕೇಳಿ, ಕೊನೆಗೆ ಎಲ್ಲರ ಮಾತು ಸೇರಿಸಿ ಹೇಳಿ. ಸಂದರ್ಶನದಲ್ಲಿ ನಿಮ್ಮ ಉತ್ತರವನ್ನು ಬೇಕಂತಲೇ ಅಲ್ಲಾಡಿಸ್ತಾರೆ. ಹೊಸ ಸಂಗತಿ ಕೊಟ್ರೆ ಅಭಿಪ್ರಾಯ ಬದಲಿಸಿ. ಬರೀ ಒತ್ತಡ ಹಾಕಿದ್ರೆ ನಿಂತ ಕಡೆ ನಿಲ್ಲಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಎಲ್ಲಿ ಹುಡುಕ್ತೀನಿ ಅಂತಲೂ ಹೇಳಿ.

ಇಂಗ್ಲಿಷ್ ಭಯಕ್ಕೆ ಒಂದು ಅಭ್ಯಾಸ. ಇದೇ ಕೇಸನ್ನು ಮನೆಯವರಿಗೆ ಕನ್ನಡದಲ್ಲಿ ಎರಡೇ ನಿಮಿಷದಲ್ಲಿ ಹೇಳಿ. ಅವರಿಗೆ ಅರ್ಥವಾದ್ರೆ, ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ತೊಡಕು ಎಷ್ಟೋ ಸಲ ಭಾಷೆಯಲ್ಲಲ್ಲ, ವಿಚಾರದಲ್ಲಿ ಇರುತ್ತೆ.

ಇನ್ನು, ಹೋಗೋ ದಾರಿ. ಎಂ.ಜಿ. ರಸ್ತೆ ಕಡೆ ಆಫೀಸ್ ಇದ್ರೆ, ರಾಮನಗರ, ಚನ್ನಪಟ್ಟಣದವರು ಮೈಸೂರು ರಸ್ತೆಯ ಚಲ್ಲಘಟ್ಟದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ. ಕನಕಪುರದವರು ರೇಷ್ಮೆ ಸಂಸ್ಥೆ ಸ್ಟೇಷನ್‌ನಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ. ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ, ಒಂದು ಬಸ್ ಮುಂಚೆಯೇ ಹೊರಡಿ.

ಈ ವಾರ ನಿಮ್ಮೂರಿನ ಒಂದು ವ್ಯಾಪಾರ ಆರಿಸಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಆಗಬಹುದು, ಪಕ್ಕದ ಹಾಲಿನ ಡೇರಿ ಆಗಬಹುದು. ಮೂರು ಪ್ರಶ್ನೆ ಕೇಳಿ: ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಯಾವ ಕಾನೂನು ಅಡ್ಡ ಬರುತ್ತೆ? ಒಂದು ಪುಟ ಬರೆದಿಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.