ಹೂಳು ಎತ್ತುವ ಮೊದಲು ಪಾಲು ಲೆಕ್ಕ ಆಗಲಿ

ಬೇಸಿಗೆ ಬಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಊರುಗಳಲ್ಲಿ ಒಂದೇ ಮಾತು. ಹಳ್ಳದಲ್ಲಿ ಹೂಳು, ಕೆರೆಯಲ್ಲಿ ಹೂಳು, ಕಾಲುವೆಯಲ್ಲಿ ಹೂಳು. ತೆಗೀಬೇಕು ಅನ್ನದವರಿಲ್ಲ. ಆದರೆ "ರೊಕ್ಕ ಯಾರು ಕೊಡ್ತಾರ?" ಎಂದು ಒಬ್ಬರು ಕೇಳಿದರೆ ಸಾಕು, ಸಭೆ ಅಲ್ಲಿಗೇ ಮುಗಿಯುತ್ತದೆ.

ನಾನು ಕಾಲುವೆಯ ಕೊನೆ ಭಾಗದಲ್ಲಿ ಭತ್ತ ಬೆಳೆಯುವವನು. ಮೇಲೆ ಹೂಳು ತುಂಬಿದರೆ ನೀರು ಮೊದಲು ತಪ್ಪುವುದು ನಮಗೇ. ಹಾಗಾಗಿ ಈ ಖರ್ಚಿನ ಹಂಚಿಕೆ ಬಗ್ಗೆ ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ನನಗೆ ತೋಚಿದ್ದು ಇಷ್ಟು: ಒಳ್ಳೆ ಹೂಳಿನ ಖರ್ಚನ್ನು ಒಯ್ಯುವವರು ಮತ್ತು ಊರವರು ಹಂಚಿಕೊಳ್ಳಬೇಕು. ಕೆಟ್ಟ ಹೂಳಿನ ಖರ್ಚು ಕೆಡಿಸಿದವರ ಮೇಲೆ ಬೀಳಬೇಕು. ಎರಡನ್ನೂ ಒಂದೇ ರಾಶಿ ಮಾಡಿದರೆ ಪೆಟ್ಟು ರೈತನಿಗೆ.

ಡ್ಯಾಮು ನಮ್ಮ ಟ್ರಾಲಿಗೆ ದಕ್ಕದು

ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. 2016ರ ಸರ್ವೆ ಪ್ರಕಾರ ಅದು 105.788 ಟಿಎಂಸಿಗೆ ಇಳಿದಿದೆ. ಅಂದರೆ ಸುಮಾರು 27 ಟಿಎಂಸಿ ಜಾಗವನ್ನು ಹೂಳು ನುಂಗಿದೆ. 2017ರ ಬೇಸಿಗೆಯಲ್ಲಿ ತುಂಗಭದ್ರಾ ರೈತ ಸಂಘದವರು ಸ್ವಂತ ಖರ್ಚಿನಲ್ಲಿ ಜಲಾಶಯಕ್ಕೆ ಇಳಿದು 'ಹೂಳಿನ ಜಾತ್ರೆ' ನಡೆಸಿದರು. ಸರಕಾರದ ಕಣ್ಣು ತೆರೆಸಲು ಅದು ದೊಡ್ಡ ಕೆಲಸವೇ.

ಆದರೆ ಲೆಕ್ಕ ನೋಡಿ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. 27 ಟಿಎಂಸಿ ಎಂದರೆ 76 ಕೋಟಿ ಘನ ಮೀಟರ್. ಒಂದು ಟ್ರಾಲಿಗೆ 3 ಘನ ಮೀಟರ್ ಹಿಡಿದರೂ 25 ಕೋಟಿ ಟ್ರಾಲಿ! ಇದು ರೈತರು ಪಟ್ಟಿ ಎತ್ತಿ ಮಾಡುವ ಕೆಲಸವಲ್ಲ. ನಾವು ಮಾಡಬಹುದಾದದ್ದು ಊರ ಹಳ್ಳ, ಊರ ಕೆರೆ.

ಹಿರೇಹಳ್ಳ ಕಲಿಸಿದ್ದು

ಅದು ಆಗುವ ಕೆಲಸ ಎಂದು ತೋರಿಸಿದ್ದು ನೆರೆಯ ಕೊಪ್ಪಳದವರು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು 26 ಕಿ.ಮೀ. ಉದ್ದ ಸ್ವಚ್ಛ ಮಾಡಿಸಿದರು. ಜಾಲಿ, ಹೂಳು, ಕಸ ತುಂಬಿ ಹಳ್ಳದ ಗುರುತೇ ಹೋಗಿತ್ತು. ರೊಕ್ಕ ಇದ್ದವರು ರೊಕ್ಕ ಕೊಟ್ಟರು, ಇಲ್ಲದವರು ಮೈಮುರಿದು ದುಡಿದರು. ಎಲ್ಲರ ಪಾಲೂ ಒಂದೇ ತರಹ ಇರಬೇಕಾಗಿಲ್ಲ ಎಂಬುದು ಅಲ್ಲಿನ ಮೊದಲ ಪಾಠ.

ದೂರದ ಅಮೆರಿಕದಲ್ಲೂ ಇಂಥದೇ ಕಟ್ಟಳೆ ಇದೆ. ಅಲ್ಲಿನ ದೊಡ್ಡ ಸರೋವರಗಳಿಗೆ ಸೇರುವ ನದಿಗಳ ತಳದಲ್ಲಿ ಕಾರ್ಖಾನೆಗಳ ವಿಷ ಕೂತಿತ್ತು. ಅದನ್ನು ತೆಗೆಯಲು 2002ರಲ್ಲಿ ಕಾನೂನು ಮಾಡಿದರು. ಖರ್ಚಿನಲ್ಲಿ ಕನಿಷ್ಠ ಶೇ. 35 ಭಾಗವನ್ನು ಸ್ಥಳೀಯ ಪಾಲುದಾರರು ಹೊರಬೇಕು. ರಾಜ್ಯ, ನಗರಸಭೆ, ಕಾರ್ಖಾನೆ ಯಾರಾದರೂ ಸರಿ. ರೊಕ್ಕವೇ ಆಗಬೇಕೆಂದಿಲ್ಲ, ಮಾಡಿಕೊಟ್ಟ ಕೆಲಸಕ್ಕೂ ಬೆಲೆ ಕಟ್ಟಿ ಪಾಲಿಗೆ ಹಿಡಿಯುತ್ತಾರೆ. ನಮ್ಮ ಟ್ರ್ಯಾಕ್ಟರ್, ನಮ್ಮ ಆಳು, ನಮ್ಮ ಡೀಸೆಲ್ಲನ್ನು ಇಲ್ಲಿ ಯಾರೂ ಬರೆದಿಡುವುದಿಲ್ಲ. ಬರೆದಿಡಬೇಕು.

ಎಲ್ಲ ಹೂಳೂ ಗೊಬ್ಬರವಲ್ಲ

ನಮ್ಮಲ್ಲಿ ಒಂದು ನಂಬಿಕೆ: ಕರ್ರಗೆ, ಮೆತ್ತಗೆ ಇದ್ದರೆ ಗೋಡು ಚಲೋ. ಮಳೆ ನೀರಿನ ಕೆರೆಗೆ ಈ ಮಾತು ಬಹುಮಟ್ಟಿಗೆ ಸರಿ. ಹಳ್ಳಕ್ಕೂ ಬಸಿಗಾಲುವೆಗೂ ಸರಿಯಲ್ಲ. ಮೂರು ಅನುಮಾನ ಇಟ್ಟುಕೊಳ್ಳಿ.

ಒಂದು, ಉಪ್ಪು. ಭತ್ತದ ಗದ್ದೆಗಳಿಂದ ಬಸಿದ ನೀರು ಸವಳನ್ನು ಹೊತ್ತು ತರುತ್ತದೆ. ಅಂಥ ಕಡೆಯ ಹೂಳು ಹೊಲಕ್ಕೆ ಹಾಕಿದರೆ ಸವಳು-ಜವಳನ್ನು ನಾವೇ ಟ್ರಾಲಿ ಬಾಡಿಗೆ ಕೊಟ್ಟು ತಂದಂತೆ. ಮಣ್ಣು ಪರೀಕ್ಷೆಯಲ್ಲಿ ಇ.ಸಿ. 4 ದಾಟಿದ್ದರೆ ಮುಟ್ಟಬೇಡಿ.

ಎರಡು, ಪೇಟೆಯ ಚರಂಡಿ ಮತ್ತು ಕಾರ್ಖಾನೆ ನೀರು. ಇವು ಸೇರುವ ಜಾಗದ ಕೆಳಗಿನ ಹೂಳನ್ನು ಬೇರೆ ರಾಶಿಯಾಗಿಯೇ ನೋಡಬೇಕು.

ಮೂರು, ಚಿನ್ನದ ಕಲ್ಲು. ಹಟ್ಟಿ-ಮಸ್ಕಿ ಪಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಕಲ್ಲಿನ ಜೊತೆಗೇ ಇರುತ್ತದೆ. ಹತ್ತಿರದ ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಊರಿನ ಹಳೆ ಚಿನ್ನದ ಗಣಿ ಪ್ರದೇಶದಲ್ಲಿ, ಕಿರದಳ್ಳಿ ತಾಂಡಾದಲ್ಲಿ, ಬೋರ್‌ವೆಲ್ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ರೋಗ ಬಂದದ್ದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಹಾಗೆಂದು ನಮ್ಮ ಎಲ್ಲ ಹಳ್ಳಗಳ ಹೂಳೂ ವಿಷ ಎಂದು ನಾನು ಹೇಳುತ್ತಿಲ್ಲ. ಆದರೆ ಆರ್ಸೆನಿಕ್ ಕಣ್ಣಿಗೆ ಕಾಣದು, ಮೂಗಿಗೆ ಬಾರದು. ಅದೂ ಅಲ್ಲದೆ ನೀರು ನಿಂತ ಗದ್ದೆಯಲ್ಲಿ ಅದು ಮಣ್ಣಿನಿಂದ ಬಿಟ್ಟುಕೊಳ್ಳುತ್ತದೆ, ಭತ್ತ ಅದನ್ನು ಬೇರೆ ಬೆಳೆಗಳಿಗಿಂತ ಜಾಸ್ತಿ ಹೀರುತ್ತದೆ. ಭತ್ತದ ಸೀಮೆಯಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ.

ಕೆಡಿಸಿದವರ ಪಾಲು

"ಹೊಲಸು ಮಾಡಿದವ್ರು ಒಬ್ರು, ಬಳಿಯೋರು ನಾವೇನ್ರಿ?" ಎಂದು ನಮ್ಮೂರ ಹಿರಿಯರೊಬ್ಬರು ಕೇಳಿದರು. ಕಾನೂನೂ ಅವರ ಕಡೆಗೇ ಇದೆ. ಕೆಡಿಸಿದವನೇ ಪರಿಹಾರವನ್ನೂ ಕೊಡಬೇಕು, ಪರಿಸರವನ್ನು ಮೊದಲಿನಂತೆ ಮಾಡುವ ಖರ್ಚನ್ನೂ ಹೊರಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿದೆ.

ಗಣಿ ಇರುವ ತಾಲ್ಲೂಕುಗಳಿಗೆ ಇನ್ನೊಂದು ದಾರಿ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ. 2015ರ ತಿದ್ದುಪಡಿಯಿಂದ ಗಣಿ ನಡೆಸುವವರು ರಾಜಧನದ ಜೊತೆ ಇದಕ್ಕೂ ತೆರಬೇಕು. ಹಳೆ ಗುತ್ತಿಗೆಗೆ ರಾಜಧನದ ಶೇ. 30, ಹರಾಜಿನ ಗುತ್ತಿಗೆಗೆ ಶೇ. 10. ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆಯಂಥ ಕೆಲಸಗಳಿಗೆ ಈ ನಿಧಿಯ ದೊಡ್ಡ ಪಾಲು ಹೋಗಬೇಕು. ಅದು ಮೊದಲು ಶೇ. 60 ಇತ್ತು, 2024ರಲ್ಲಿ ಶೇ. 70 ಆಯಿತು. ಗಣಿ ಬಾಧಿತ ಊರಿನವರು ಗ್ರಾಮಸಭೆಯಲ್ಲಿ ಠರಾವು ಮಾಡಿ, ಪರೀಕ್ಷೆಯ ವರದಿ ಲಗತ್ತಿಸಿ, ಹಳ್ಳ ಸ್ವಚ್ಛತೆಗೆ ಜಿಲ್ಲಾಧಿಕಾರಿಗಳಲ್ಲಿ ಕೇಳಬಹುದು. ವರದಿ ಇಲ್ಲದ ಅರ್ಜಿ ಬರೀ ಗೋಳು. ವರದಿ ಇದ್ದರೆ ಅದು ಹಕ್ಕು.

ನಮ್ಮ ಪಾಲು ಹೀಗಿರಲಿ

ಮೊದಲು ಹಳ್ಳವನ್ನು ತುಂಡು ಮಾಡಿ ನೋಡಿ: ಚರಂಡಿ ಸೇರುವುದಕ್ಕೆ ಮೇಲೆ, ಸೇರಿದ ಮೇಲೆ, ಗಣಿ ಕಡೆಯ ನೀರು ಬರುವಲ್ಲಿ. ಒಂದೊಂದು ತುಂಡಿನಲ್ಲೂ ಹತ್ತಾರು ಕಡೆ, ಮೇಲಿನದೂ ಆಳದ್ದೂ ಮಣ್ಣು ತೆಗೆದು ಬೆರೆಸಿ ಒಂದು ಮಾದರಿ ಮಾಡಿ. ಉಪ್ಪು, ರಸಸಾರದ ಜೊತೆ ಆರ್ಸೆನಿಕ್, ಸೀಸದಂಥ ಲೋಹಗಳ ಪರೀಕ್ಷೆಯನ್ನೂ ಬರೆದು ಕೇಳಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಇವು ಬರುವುದಿಲ್ಲ. ಪರೀಕ್ಷೆಯ ಖರ್ಚನ್ನು ಎಕರೆವಾರು ಪಟ್ಟಿ ಎತ್ತಿ. ಪೂರಾ ನಮ್ಮ ಕೈಯಿಂದಲೇ ಹೋಗುವ ಖರ್ಚು ಇದೊಂದೇ ಆಗಲಿ.

ಒಳ್ಳೆಯದೆಂದು ಬಂದ ಹೂಳಿಗೆ ಅಗೆತದ ಬಾಡಿಗೆಯನ್ನು ಪಂಚಾಯಿತಿ, ಇಲಾಖೆ, ದಾನಿಗಳು ಕೊಡಲಿ. ಸಾಗಾಟ ಒಯ್ಯುವವರದು. ಒಂದು ಎಕರೆಗೆ ಒಂದು ಇಂಚು ಹರಡಲು ಸುಮಾರು 34 ಟ್ರಾಲಿ ಬೇಕು. ಬಾಡಿಗೆ ಗುಣಿಸಿ ನೋಡಿಯೇ ಒಪ್ಪಿಕೊಳ್ಳಿ. ಮಸಾರಿ ಹೊಲಕ್ಕೆ ಹಾಕಿದರೆ ತೇವ ಹಿಡಿಯುತ್ತದೆ, ಖರ್ಚು ಹುಟ್ಟುತ್ತದೆ. ಎರೆ ಹೊಲಕ್ಕೆ ಮತ್ತೆ ಜಿಗಿ ಮಣ್ಣು ಹೊತ್ತು ಲಾಭವಿಲ್ಲ. ಟ್ರ್ಯಾಕ್ಟರ್ ಇಲ್ಲದ ಸಣ್ಣ ರೈತರಿಗೆ ದಡದ ಜಾಲಿ ಕಡಿಯುವ ಆಳಿನ ಲೆಕ್ಕವನ್ನೇ ಪಾಲಾಗಿ ಹಿಡಿಯಿರಿ. ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಜೆಸಿಬಿ ಇಳಿಸಬೇಡಿ, ಹೂಳಿನ ನೆಪದಲ್ಲಿ ಮರಳು ಹೋಗದಂತೆ ಕಾಯಿರಿ.

ಕೆಟ್ಟದೆಂದು ಬಂದ ತುಂಡನ್ನು ಕೆದಕಲೇಬೇಡಿ. ಕೆದಕಿದರೆ ಕೆಳಗಿನ ಊರಿನ ನೀರಿಗೆ ಹೋಗುತ್ತದೆ. ಅದನ್ನು ತೆಗೆದು ಜೋಪಾನ ಮಾಡುವುದು ತಿಳಿದವರ ಕೆಲಸ, ಕೆಡಿಸಿದವರ ಖರ್ಚು. ಅಲ್ಲಿ ನಮ್ಮ ಪಾಲು ವರದಿ, ಠರಾವು ಮತ್ತು ಬಿಡದೆ ಬೆನ್ನು ಹತ್ತುವುದು.

ನಿಮ್ಮ ಕಡೆ ಹೂಳು ಎತ್ತಿದ್ದರೆ ಖರ್ಚು ಹೇಗೆ ಹಂಚಿಕೊಂಡಿರಿ, ಜಗಳ ಎಲ್ಲಿ ಬಂತು, ಹೇಗೆ ಬಗೆಹರಿಯಿತು – ಪತ್ರಿಕೆಗೆ ಒಂದು ಕಾರ್ಡು ಹಾಕಿ. ಬೇಸಿಗೆಗೆ ಮೊದಲೇ ಹಾಕಿದರೆ ನಾಲ್ಕು ಊರಿಗೆ ಉಪಯೋಗವಾದೀತು.