ಗೀಸರ್ ಮತ್ತು ಸೋಲಾರ್ ವಾಟರ್ ಹೀಟರ್‌ಗಳ ಸಂರಕ್ಷಣೆಗಾಗಿ ನೀರಿನ ಗುಣಮಟ್ಟ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಬಾವಿ ಅಥವಾ ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ ಗೀಸರ್ ಹಾಗೂ ಸೋಲಾರ್ ವಾಟರ್ ಹೀಟರ್‌ಗಳು ಅವಧಿಗೆ ಮುನ್ನವೇ ಕೆಡುವುದುಂಟು. ಅನೇಕ ಸಂದರ್ಭಗಳಲ್ಲಿ ಇದಕ್ಕೆ ನೀರಿನ ಗುಣವೇ ಕಾರಣವಾಗಿರುತ್ತದೆ. ಆದುದರಿಂದ ಹೀಟರ್ ಅಥವಾ ನೀರು ಮೃದುಗೊಳಿಸುವ ಯಂತ್ರವನ್ನು ಖರೀದಿಸುವ ಮೊದಲೇ ನೀರನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

ಎರಡು ಪ್ರತ್ಯೇಕ ದೋಷಗಳು

1. ಸುಣ್ಣ ಕಟ್ಟುವಿಕೆ: ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿನ ಬೈಕಾರ್ಬೊನೇಟ್ ವಿಭಜನೆಗೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಪದರವಾಗಿ ಕುಳಿತುಕೊಳ್ಳುತ್ತದೆ. ಪದರ ಹಿಡಿದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಗೀಸರಿನ ಸುರಕ್ಷತಾ ವಾಲ್ವ್ ಸುಣ್ಣದಿಂದ ಮುಚ್ಚಿಹೋದಲ್ಲಿ ಒತ್ತಡ ಹೊರಹೋಗದೆ ಟ್ಯಾಂಕ್ ಸಿಡಿಯುವ ಅಪಾಯವಿರುತ್ತದೆ.

2. ಲೋಹ ಸವೆತ: ಆಮ್ಲೀಯ ಗುಣ, ಅಧಿಕ ಕ್ಲೋರೈಡ್ ಹಾಗೂ ಕರಗಿದ ಆಮ್ಲಜನಕ ಇದಕ್ಕೆ ಕಾರಣ. ಬಿಸಿ ನೀರಿನಲ್ಲಿ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಸೂಜಿಮೊನೆಯಷ್ಟು ತೂತು ಬೀಳುವಂತೆ ಕೊರೆಯಬಲ್ಲದು. ಜಿ.ಐ. ಪೈಪನ್ನು ತಾಮ್ರದ ಪೈಪಿಗೆ ನೇರವಾಗಿ ಜೋಡಿಸಿದಲ್ಲಿ ಜಿ.ಐ. ಪೈಪು ಶೀಘ್ರವಾಗಿ ಸವೆಯುತ್ತದೆ.

ನೀರು ಮೃದುಗೊಳಿಸುವ ಯಂತ್ರವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಕ್ಲೋರೈಡನ್ನು ತೆಗೆಯುವುದಿಲ್ಲ. ಆದುದರಿಂದ ಅದು ಮೊದಲನೆಯ ದೋಷಕ್ಕೆ ಮಾತ್ರ ಪರಿಹಾರ. ಟ್ಯಾಂಕ್ ಸವೆಯುತ್ತಿರುವ ಮನೆಯಲ್ಲಿ ಇದನ್ನು ಅಳವಡಿಸಿದರೆ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು.

ಪರೀಕ್ಷಿಸಬೇಕಾದ ಅಂಶಗಳು

ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ ಕುಡಿಯುವ ನೀರಿನ ಮಿತಿಗಳು ಹೀಗಿವೆ. ಆವರಣದಲ್ಲಿರುವುದು ಬೇರೆ ಜಲಮೂಲವಿಲ್ಲದಿದ್ದಲ್ಲಿ ಅನ್ವಯಿಸುವ ಮಿತಿ.

• ಪಿ.ಹೆಚ್.: 6.5ರಿಂದ 8.5
• ಒಟ್ಟು ಗಡಸುತನ: ಲೀಟರಿಗೆ 200 ಮಿ.ಗ್ರಾಂ. (600)
• ಕ್ಷಾರತೆ: ಲೀಟರಿಗೆ 200 ಮಿ.ಗ್ರಾಂ. (600)
• ಕ್ಲೋರೈಡ್: ಲೀಟರಿಗೆ 250 ಮಿ.ಗ್ರಾಂ. (1000)
• ಕರಗಿದ ಒಟ್ಟು ಘನವಸ್ತು: ಲೀಟರಿಗೆ 500 ಮಿ.ಗ್ರಾಂ. (2000)

ಇವು ಕುಡಿಯಲು ನಿಗದಿಪಡಿಸಿದ ಮಿತಿಗಳೆಂಬುದನ್ನು ಗಮನಿಸತಕ್ಕದ್ದು. ಕುಡಿಯಲು ಯೋಗ್ಯವಾದ ನೀರು ಹೀಟರಿಗೂ ಯೋಗ್ಯವೆಂದು ಭಾವಿಸುವಂತಿಲ್ಲ. 600 ಮಿ.ಗ್ರಾಂ. ಗಡಸುತನದ ನೀರು ಹೀಟರಿನಲ್ಲಿ ದಪ್ಪನೆಯ ಸುಣ್ಣ ಕಟ್ಟುತ್ತದೆ.

ಕೋಲಾರ, ಚಿತ್ರದುರ್ಗ ಮುಂತಾದ ಬಯಲುಸೀಮೆ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಗಡಸುತನವೇ ಮುಖ್ಯ ಸಮಸ್ಯೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಬಹುಮಟ್ಟಿಗೆ ಮೃದುವಾಗಿದ್ದರೂ ಆಮ್ಲೀಯವಾಗಿರುವುದುಂಟು. ಸ್ನಾನದ ಮನೆಯಲ್ಲಿ ಹಸಿರು ಅಥವಾ ನೀಲಿ ಕಲೆ ಕಂಡುಬಂದಲ್ಲಿ ತಾಮ್ರ ಸವೆಯುತ್ತಿದೆಯೆಂದು ಶಂಕಿಸಬಹುದು. ಸಮುದ್ರಕ್ಕೆ ಸಮೀಪದ ಬಾವಿಗಳಲ್ಲಿ ಕ್ಲೋರೈಡ್ ಪರೀಕ್ಷೆ ಅತ್ಯಗತ್ಯ.

ಮಾದರಿ ಸಂಗ್ರಹಿಸುವ ವಿಧಾನ

1. ಪಂಪನ್ನು ಸುಮಾರು 10 ನಿಮಿಷ ಚಾಲನೆಯಲ್ಲಿಟ್ಟ ನಂತರ ಜಲಮೂಲದಿಂದಲೇ ನೀರನ್ನು ಹಿಡಿಯಬೇಕು. ಬಿಸಿನೀರಿನ ನಲ್ಲಿಯಿಂದ ಹಿಡಿಯಬಾರದು.
2. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿ ಉಳಿಯದಂತೆ ಅಂಚಿನವರೆಗೆ ತುಂಬಿ ಮುಚ್ಚಬೇಕು.
3. ಸ್ಥಳ, ದಿನಾಂಕ ಹಾಗೂ ಜಲಮೂಲದ ವಿವರವನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು.
4. ಇರಿಸಿದಷ್ಟೂ ಪಿ.ಹೆಚ್. ವ್ಯತ್ಯಾಸವಾಗುವುದರಿಂದ ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸುವುದು ಉತ್ತಮ.
5. ಸಂಪಿಗೆ ಟ್ಯಾಂಕರ್ ನೀರನ್ನೂ ತುಂಬಿಸುತ್ತಿದ್ದಲ್ಲಿ ಅದರ ಮಾದರಿಯನ್ನು ಪ್ರತ್ಯೇಕವಾಗಿ ನೀಡಬೇಕು.

ಪರೀಕ್ಷೆ ಎಲ್ಲಿ?

2019ರಲ್ಲಿ ಪ್ರಾರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಾರ್ವಜನಿಕರ ಬಳಕೆಗೂ ತೆರೆಯಲಾಗಿದೆ. ನಿಗದಿತ ಶುಲ್ಕ ಪಾವತಿಸಿ ಮಾದರಿಯನ್ನು ಸಲ್ಲಿಸಬಹುದಾಗಿದೆ. ಪರೀಕ್ಷೆಯ ಉದ್ದೇಶ ಹೀಟರ್ ಬಳಕೆಯೆಂದು ಅರ್ಜಿಯಲ್ಲಿ ನಮೂದಿಸಿ, ಮೇಲಿನ ಐದೂ ಅಂಶಗಳನ್ನು ಕೋರತಕ್ಕದ್ದು.

ವರದಿ ಬಂದ ನಂತರ

• ಗಡಸುತನ ಅಧಿಕವಿದ್ದಲ್ಲಿ: ಮೃದುಗೊಳಿಸುವ ಯಂತ್ರ ಅಥವಾ ಹೀಟ್ ಎಕ್ಸ್‌ಚೇಂಜರ್ ಇರುವ ಸೋಲಾರ್ ಹೀಟರ್ ಆಯ್ದುಕೊಳ್ಳಬಹುದು. ಕಾಲಕಾಲಕ್ಕೆ ಸುಣ್ಣ ತೆಗೆಸಬೇಕು.
• ಕ್ಲೋರೈಡ್ ಅಧಿಕವಿದ್ದಲ್ಲಿ: ಗಾಜಿನ ಲೇಪನವುಳ್ಳ ಟ್ಯಾಂಕ್ ಅಥವಾ 304ಕ್ಕಿಂತ ಹೆಚ್ಚು ತಡೆಯುವ 316 ದರ್ಜೆಯ ಸ್ಟೀಲ್ ಟ್ಯಾಂಕ್ ಬಗ್ಗೆ ಮಾರಾಟಗಾರರಲ್ಲಿ ವಿಚಾರಿಸಬೇಕು.
• ಎಲ್ಲ ಲೇಪಿತ ಟ್ಯಾಂಕ್‌ಗಳಲ್ಲಿ: ಟ್ಯಾಂಕಿನ ಬದಲಿಗೆ ತಾನು ಸವೆಯುವ ಮೆಗ್ನೀಸಿಯಂ ಆನೋಡ್ ಸರಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ, ಸವೆದಿದ್ದಲ್ಲಿ ಬದಲಾಯಿಸಬೇಕು.

ವಿಶೇಷ ಸೂಚನೆ: ಬೇಸಿಗೆಯಲ್ಲಿ ಅಂತರ್ಜಲ ಕುಸಿದಾಗ ನೀರಿನ ಗುಣ ಬದಲಾಗಬಹುದಾದ್ದರಿಂದ ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸುವುದು ಸೂಕ್ತ. ವರದಿಯ ಪ್ರತಿಯನ್ನು ಹೀಟರಿನ ಖಾತರಿ ಪತ್ರದೊಂದಿಗೆ ಜೋಪಾನವಾಗಿರಿಸಿಕೊಳ್ಳಲು ಕೋರಲಾಗಿದೆ.