ಚಿತ್ರವನ್ನು ತಿರುಗಿಸುವ ನಾಲ್ಕು ಸಂಖ್ಯೆಗಳು

ಸೈನು, ಕೊಸೈನುಗಳನ್ನು ಕಲಿತುದರಿಂದ ಹೆಣ್ಣುಮಕ್ಕಳಿಗಾಗುವ ಪ್ರಯೋಜನವೇನೆಂದು ತಂದೆತಾಯಿಗಳು ಕೇಳುವುದುಂಟು. ಅದರ ಉತ್ತರವು ಈಗ ಎಲ್ಲರ ಕೈಯಲ್ಲಿಯೇ ಇರುವುದು. ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಹೋಗುವವರ ಮೊಬೈಲಿನಲ್ಲಿ, ದಾರಿಯು ತಿರುಗಿದಂತೆ ನಕಾಶೆಯೂ ತಿರುಗುವುದಷ್ಟೆ. ಹಾಗೆ ತಿರುಗಿಸುವುದು ಮ್ಯಾಟ್ರಿಕ್ಸ್ ಎಂಬ ಸಂಖ್ಯಾಚೌಕವು.

ಚಿತ್ರದ ಪ್ರತಿಯೊಂದು ಬಿಂದುವಿಗೂ ಮೂಲಬಿಂದುವಿನಿಂದ ಒಂದು ಅಡ್ಡಳತೆ, ಒಂದು ನೆಟ್ಟಳತೆ ಇರುವುವು. ಹಳೆಯ ಅಡ್ಡಳತೆಯನ್ನು ಕೊಸೈನಿನಿಂದ ಗುಣಿಸಿ, ಅದರಲ್ಲಿ ನೆಟ್ಟಳತೆ ಮತ್ತು ಸೈನುಗಳ ಗುಣಲಬ್ಧವನ್ನು ಕಳೆದರೆ ಹೊಸ ಅಡ್ಡಳತೆಯು ಬರುವುದು. ಅಡ್ಡಳತೆಯನ್ನು ಸೈನಿನಿಂದಲೂ ನೆಟ್ಟಳತೆಯನ್ನು ಕೊಸೈನಿನಿಂದಲೂ ಗುಣಿಸಿ ಕೂಡಿಸಿದರೆ ಹೊಸ ನೆಟ್ಟಳತೆಯು ಬರುವುದು. ಈ ನಾಲ್ಕು ಗುಣಕಗಳೇ ಆ ಚೌಕದ ನಾಲ್ಕು ಮನೆಗಳು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿಯಾದ ಗೋಲಗುಮ್ಮಟದಲ್ಲಿ, ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಗುಮ್ಮಟವನ್ನು ಹೊತ್ತಿರುವುವು. ಅವುಗಳ ವಿನ್ಯಾಸವು, ಒಂದು ಚೌಕದ ಮೇಲೆ ಇನ್ನೊಂದನ್ನು 45 ಅಂಶ ತಿರುಗಿಸಿ ಇಟ್ಟಂತೆ ಇರುವುದು. 45 ಅಂಶಕ್ಕೆ ಸೈನು, ಕೊಸೈನುಗಳೆರಡೂ ಸುಮಾರು 0.707. ಆದುದರಿಂದ ಅಡ್ಡ 1, ನೆಟ್ಟ 1 ಇದ್ದ ಮೂಲೆಯು ತಿರುಗಿದ ಮೇಲೆ ಅಡ್ಡ 0, ನೆಟ್ಟ 1.414 ಆಗುವುದು, ಅಂದರೆ ಹಳೆಯ ಚೌಕದ ಬದಿಯ ನಡುವಿನಿಂದ ಹೊಸ ಮೂಲೆಯು ಹೊರಚಾಚುವುದು. ಹೀಗೆ ಎಂಟು ಮೂಲೆಗಳ ನಕ್ಷತ್ರವಾಗುವುದು.

ಒಂದು ತಿರುವಿನ ಮೇಲೆ ಇನ್ನೊಂದು ತಿರುವನ್ನು ಮಾಡಬೇಕಾದರೆ ಎರಡು ಚೌಕಗಳನ್ನು ಗುಣಿಸಿದರೆ ಸಾಕು. ಆಗ ದೊರೆಯುವುದು, ಎರಡು ಕೋನಗಳ ಮೊತ್ತದ ಜ್ಯಾವನ್ನು ಕುರಿತು ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಹೇಳಿದ ಸೂತ್ರವೇ.

ಇನ್ನು ಈ ವಿದ್ಯೆಯನ್ನು ಕಲಿಯುವವರು ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಕ್ರಮ. ಮೂಲಬಿಂದುವಿನಲ್ಲಿರುವ ಚಿತ್ರವನ್ನು 90 ಅಂಶ ತಿರುಗಿಸಿ ಆಮೇಲೆ ಅಡ್ಡಲಾಗಿ 10 ಮಾನ ಸರಿಸಿದರೆ, ಅದು ಅಡ್ಡ ಗೆರೆಯ ಮೇಲೆ ನಿಲ್ಲುವುದು. ಮೊದಲು ಸರಿಸಿ ಆಮೇಲೆ ತಿರುಗಿಸಿದರೆ ನೆಟ್ಟ ಗೆರೆಯ ಮೇಲೆ ಹೋಗಿ ಬೀಳುವುದು. ಆದುದರಿಂದ ಚಿತ್ರವು ಇದ್ದಲ್ಲಿಯೇ ತಿರುಗಬೇಕಾದರೆ, ಅದರ ನಡುವನ್ನು ಮೂಲಬಿಂದುವಿಗೆ ತಂದು, ತಿರುಗಿಸಿ, ಪುನಃ ಸ್ವಸ್ಥಾನಕ್ಕೆ ಒಯ್ಯಬೇಕು. ಎರಡನೆಯದು, ದಿಕ್ಕು. ಕಾಗದದ ಮೇಲೆ ನೆಟ್ಟಳತೆಯು ಮೇಲಕ್ಕೆ ಬೆಳೆದರೆ, ಮೊಬೈಲಿನ ತೆರೆಯ ಮೇಲೆ ಸಾಮಾನ್ಯವಾಗಿ ಕೆಳಕ್ಕೆ ಬೆಳೆಯುವುದು; ಅದೇ ಚೌಕವು ಅಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗಿಸುವುದು. ಮೂರನೆಯದು, ಅಲ್ಪದೋಷ. ತಿರುಗಿದುದನ್ನೇ ಮತ್ತೆ ಮತ್ತೆ ತಿರುಗಿಸುತ್ತ ಹೋದರೆ, ದಶಾಂಶಗಳಲ್ಲಿ ಬಿಟ್ಟುಹೋದ ಕಣಗಳು ಕೂಡಿಕೊಂಡು ಆಕಾರವೇ ಕೆಡುವುದು. ಒಟ್ಟು ಕೋನವನ್ನು ನೆನಪಿಟ್ಟು, ಪ್ರತಿಸಲವೂ ಮೂಲಚಿತ್ರದಿಂದಲೇ ಲೆಕ್ಕ ಹಾಕುವುದು ಕ್ಷೇಮಕರವು.

ಒಂದು ಚೌಕುಳಿಯ ಕಾಗದವೂ ಒಂದು ಪೆನ್ಸಿಲೂ ಇದ್ದರೆ ಇದನ್ನೆಲ್ಲ ಮನೆಯಲ್ಲಿಯೇ ಪರೀಕ್ಷಿಸಬಹುದು. ಮಗಳು ಹಾಗೆ ಗೆರೆಯೆಳೆಯುತ್ತ ಕುಳಿತಾಗ, ಅದು ಆಟವೆಂದು ತಂದೆತಾಯಿಗಳು ಎಬ್ಬಿಸದಿರಲಿ.